18 ಕೋಟಿ ಡಾಲರ್ ಆಟಗಾರ ಆಡ್ತಾನೇ ಇಲ್ಲ, ಬಿಟ್ಟುಬಿಡಬಾರದಾ?

ಪ್ರಶ್ನೆ: ಸರ್, ನಾನು ಹಾಸನದವನು, ಒಂಬತ್ತು ವರ್ಷದಿಂದ ಡೆನ್ವರ್ ಹತ್ತಿರ ಇದ್ದೀನಿ. ಮಗನ ದೆಸೆಯಿಂದ ನನಗೂ ಬೇಸ್‌ಬಾಲ್ ಹುಚ್ಚು ಹಿಡಿದಿದೆ. 2022ರಲ್ಲಿ ನಮ್ಮ ಕೊಲರಾಡೊ ರಾಕೀಸ್ ತಂಡ ಕ್ರಿಸ್ ಬ್ರಯಂಟ್‌ಗೆ 7 ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟಾಗ ಮಗನಿಗೆ 23ನೇ ನಂಬರಿನ ಜೆರ್ಸಿ ಕೊಡಿಸಿದ್ದೆ. ಆ ಜೆರ್ಸಿ ಈಗ ಅವನಿಗೆ ಗಿಡ್ಡ ಆಗಿದೆ, ಬ್ರಯಂಟ್ ಮಾತ್ರ ಇನ್ನೂ ಒಂದು ಸೀಸನ್ ಪೂರ್ತಿ ಆಡಿಲ್ಲ! 2025ರಲ್ಲಿ ಬರೀ 11 ಪಂದ್ಯ. ತಂಡ 119 ಪಂದ್ಯ ಸೋತಿತು. ಇನ್ನೂ ಮೂರು ವರ್ಷದ ಸಂಬಳ ಬಾಕಿ ಇದೆಯಂತೆ. ಐಪಿಎಲ್‌ನಲ್ಲಿ ಇಂಥವರನ್ನ ರಿಲೀಸ್ ಮಾಡಿ, ಆ ದುಡ್ಡಲ್ಲಿ ಬೇರೆಯವರನ್ನ ತಗೋತಾರೆ. ಇಲ್ಲಿ ಯಾಕೆ ಮಾಡಲ್ಲ? ಮಾರಿಬಿಡೋಕಾದರೂ ಆಗಲ್ವಾ? ಸಂಬಳ ಬರುತ್ತೆ ಅಂತ ಅವನೂ ಸುಮ್ನೆ ಕೂತಿದ್ದಾನೆ ಅನ್ಸುತ್ತೆ. ಮರ್ಯಾದೆಯಾಗಿ ತಾನೇ ನಿವೃತ್ತಿ ತಗೋಬಾರದಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾಲ್ಕು ಸೀಸನ್, 648 ಪಂದ್ಯ, ಅದರಲ್ಲಿ ಬ್ರಯಂಟ್ ಆಡಿದ್ದು 170. ಟಿಕೆಟ್ ಕೊಂಡವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ನಿಮ್ಮ ಪತ್ರದಲ್ಲಿ ದುಡ್ಡಿನ ಪ್ರಶ್ನೆ, ಮೈಯ ಪ್ರಶ್ನೆ, ಮರ್ಯಾದೆಯ ಪ್ರಶ್ನೆ ಮೂರೂ ಕಲಸಿ ಹೋಗಿವೆ. ನಾನು ಮೈನರ್ ಲೀಗ್ (ಮೇಜರ್ ಲೀಗ್‌ಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗ್) ತಂಡವೊಂದರ ಆಫೀಸಿನಲ್ಲಿ ಕೆಲವು ವರ್ಷ ಇದ್ದೆ, ಆಮೇಲೆ ಆಟಗಾರರ ಕಾಂಟ್ರಾಕ್ಟ್ ಲೆಕ್ಕ ಹಾಕುವುದೇ ಕೆಲಸವಾಯಿತು. ಅಲ್ಲಿಂದ ಕಂಡಿದ್ದನ್ನು ಹೇಳುತ್ತೇನೆ.

ಮೊದಲು ಐಪಿಎಲ್ ಲೆಕ್ಕ ಪಕ್ಕಕ್ಕಿಡಿ, ಗೊಂದಲ ಶುರುವಾಗಿರುವುದೇ ಅಲ್ಲಿಂದ. ಕೋಲ್ಕತ್ತಾ ತಂಡ 2024ರ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್‌ಗೆ 23.75 ಕೋಟಿ ರೂಪಾಯಿ ಸುರಿಯಿತು. ಒಂದು ಸೀಸನ್ ಸರಿಹೋಗಲಿಲ್ಲ, ಬಿಟ್ಟರು. ಬಿಟ್ಟ ಕೂಡಲೇ ಅಷ್ಟೂ ದುಡ್ಡು ಅವರ ಪರ್ಸ್‌ಗೆ ವಾಪಸ್. ಅದೇ ಅಯ್ಯರ್ 2025ರ ಡಿಸೆಂಬರ್ ಹರಾಜಿನಲ್ಲಿ ನಮ್ಮ ಆರ್‌ಸಿಬಿಗೆ 7 ಕೋಟಿಗೆ ಸಿಕ್ಕರು. ನಷ್ಟ ಯಾರಿಗಾಯಿತು? ಆಟಗಾರನಿಗೆ.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇದು ಪೂರ್ತಿ ಉಲ್ಟಾ. ಬ್ರಯಂಟ್‌ರಂಥ ಕಾಂಟ್ರಾಕ್ಟ್‌ಗೆ ಸಹಿ ಬಿತ್ತು ಅಂದರೆ ಅಷ್ಟೂ ದುಡ್ಡು ಗ್ಯಾರಂಟಿ. ಆಡಿದರೂ ಕೊಡಬೇಕು, ಬೆನ್ನು ಹಿಡಿದುಕೊಂಡು ಮಲಗಿದರೂ ಕೊಡಬೇಕು, ಬಿಟ್ಟು ಕಳಿಸಿದರೂ ಕೊಡಬೇಕು. ಬಿಡುವ ಕ್ರಮ ಹೀಗಿದೆ: ಮೊದಲು ಆಟಗಾರನನ್ನು ‘ಡಿಎಫ್‌ಎ’ ಮಾಡುತ್ತಾರೆ, ಅಂದರೆ ತಂಡದ 40 ಜನರ ಮುಖ್ಯ ಪಟ್ಟಿಯಿಂದ (ಪಂದ್ಯಕ್ಕೆ ಇಳಿಯುವ 26 ಜನ ಇದರೊಳಗಿನವರೇ) ತೆಗೆಯುತ್ತಾರೆ. ಅಲ್ಲಿಂದ ಏಳು ದಿನದೊಳಗೆ ಟ್ರೇಡ್ ಮಾಡಬೇಕು, ಇಲ್ಲವೇ ವೇವರ್‌ಗೆ ಹಾಕಬೇಕು, ಅಂದರೆ ಬೇಕಾದವರು ತಗೊಳ್ಳಿ ಅಂತ ಉಳಿದ ತಂಡಗಳ ಮುಂದಿಡಬೇಕು. ವೇವರ್‌ನಲ್ಲಿ ಬೇರೆ ತಂಡ ಕೈಯೆತ್ತಿದರೆ ಆ ಪೂರ್ತಿ ಕಾಂಟ್ರಾಕ್ಟ್ ಅವರ ತಲೆ ಮೇಲೆ ಬರುತ್ತದೆ, ಹಾಗಾಗಿ ಇಂಥ ಆಟಗಾರನಿಗೆ ಯಾರೂ ಕೈಯೆತ್ತುವುದಿಲ್ಲ. ಎರಡು ದಿನ ಕಾದು ಸುಮ್ಮನಿರುತ್ತಾರೆ. ಬಿಡುಗಡೆ ಆದ ಮೇಲೆ ಕನಿಷ್ಠ ಸಂಬಳಕ್ಕೆ ಕರೆದುಕೊಳ್ಳುತ್ತಾರೆ. ಬುದ್ಧಿವಂತಿಕೆ ಅಂದರೆ ಅದು.

ಲೆಕ್ಕ ನೋಡಿ. ಬ್ರಯಂಟ್‌ರ ಸಂಬಳ ಸರಾಸರಿ ವರ್ಷಕ್ಕೆ 2.6 ಕೋಟಿ ಡಾಲರ್. 2026ರಲ್ಲಿ ಲೀಗಿನ ಕನಿಷ್ಠ ಸಂಬಳ 7.8 ಲಕ್ಷ. ನಾಳೆ ರಾಕೀಸ್ ಅವರನ್ನು ಬಿಟ್ಟು ಬೇರೆ ತಂಡ ಸೇರಿಸಿಕೊಂಡರೆ, ಆ 7.8 ಲಕ್ಷ ಮಾತ್ರ ರಾಕೀಸ್ ಬಿಲ್‌ನಿಂದ ಕಳೆಯುತ್ತದೆ. ನೂರು ರೂಪಾಯಿ ಸಾಲದಲ್ಲಿ ಮೂರು ರೂಪಾಯಿ ಮಾಫಿ ಆದ ಹಾಗೆ! ಯಾರೂ ಸೇರಿಸಿಕೊಳ್ಳದಿದ್ದರೆ ಅದೂ ಇಲ್ಲ.

ಹಾಗಾದರೆ ತಂಡಗಳು ಬಿಡುವುದಾದರೂ ಯಾಕೆ? ಬಿಟ್ಟಾಗ ಸಿಗುವುದು ಒಂದು ಜಾಗ. ಸೀಸನ್ ನಡೆಯುವಾಗ ಒಂದು ತಂಡದಲ್ಲಿ 26 ಜನ ಮಾತ್ರ ಇರಬಹುದು. ಒಬ್ಬ ದುಬಾರಿ ಆಟಗಾರ ಅಲ್ಲಿ ಕೂತಿದ್ದರೆ, ದುಡ್ಡಿನ ಜೊತೆಗೆ ಆ ಕುರ್ಚಿಯೂ ಹೋಯಿತು. ದುಡ್ಡು ಸಹಿ ಹಾಕಿದ ದಿನವೇ ಹೋಗಿ ಆಯ್ತು. ಕುರ್ಚಿ ದಿನಾ ಹೋಗುತ್ತಾ ಇರುತ್ತದೆ. ದುಡ್ಡು ಕೊಟ್ಟು ತಂದ ಹಿಟ್ಟು ಅಂತ ಹುಳಿ ಮೀರಿದ ಮೇಲೂ ಅದರಲ್ಲೇ ದೋಸೆ ಹುಯ್ದು ಮನೆಮಂದಿಗೆಲ್ಲ ತಿನ್ನಿಸುವವರನ್ನು ನೀವೂ ನೋಡಿರುತ್ತೀರಿ. ದೊಡ್ಡ ದೊಡ್ಡ ತಂಡಗಳ ಆಫೀಸಿನಲ್ಲೂ ಅಂಥವರು ಇರುತ್ತಾರೆ.

ಬಾಸ್ಟನ್ ರೆಡ್ ಸಾಕ್ಸ್ ಪಾಬ್ಲೊ ಸಾಂಡೊವಾಲ್‌ಗೆ 5 ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ಟಿತ್ತು. 2017ರ ಜುಲೈ ಮಧ್ಯದಲ್ಲಿ, ಸುಮಾರು 5 ಕೋಟಿ ಡಾಲರ್ ಬಾಕಿ ಇರುವಾಗಲೇ, ಸಾಕಪ್ಪಾ ಅಂತ ತೆಗೆದುಹಾಕಿದರು. ಎರಡು ವಾರ ಕೂಡ ಆಗಿರಲಿಲ್ಲ, ಅದೇ ಮೂರನೇ ಬೇಸ್‌ಗೆ ಇಪ್ಪತ್ತು ವರ್ಷದ ರಫಾಯೆಲ್ ಡೆವರ್ಸ್ ಬಂದ. ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಯಾಂಕೀಸ್‌ನ ಅರೋಲ್ಡಿಸ್ ಚಾಪ್‌ಮನ್ ಗಂಟೆಗೆ ನೂರು ಮೈಲಿಗೂ ಜಾಸ್ತಿ ವೇಗದಲ್ಲಿ ಎಸೆದ ಚೆಂಡನ್ನು ಎದುರು ದಿಕ್ಕಿನ ಗೋಡೆಯಾಚೆ ಕಳಿಸಿದ. ಮರುವರ್ಷ ತಂಡ ವರ್ಲ್ಡ್ ಸೀರೀಸ್, ಅಂದರೆ ಲೀಗಿನ ಫೈನಲ್ ಸರಣಿ, ಗೆದ್ದಿತು. ಅರಿಜೋನಾ ಡೈಮಂಡ್‌ಬ್ಯಾಕ್ಸ್ ಕತೆಯೂ ಇದೇ ಜಾತಿಯದು. 8.5 ಕೋಟಿ ಡಾಲರ್‌ನ ಮ್ಯಾಡಿಸನ್ ಬಮ್‌ಗಾರ್ನರ್ 2023ರ ಏಪ್ರಿಲ್‌ನಲ್ಲಿ ನಾಲ್ಕೇ ಪಂದ್ಯ ಎಸೆದು ಕೆಟ್ಟದಾಗಿ ಹೊಡೆಸಿಕೊಂಡಾಗ ಕಳಿಸಿಬಿಟ್ಟರು. ಮೇ ತಿಂಗಳಲ್ಲಿ ಬ್ರ್ಯಾಂಡನ್ ಫಾಟ್ ಅನ್ನುವ ಹುಡುಗನನ್ನು ಮೇಲೆ ತಂದರು. ಅವನೂ ಶುರುವಿನಲ್ಲಿ ಒದ್ದಾಡಿದ. ಅಕ್ಟೋಬರ್‌ನಲ್ಲಿ ಲೀಗ್ ಚಾಂಪಿಯನ್‌ಶಿಪ್‌ನ (ಸೆಮಿಫೈನಲ್ ಇದ್ದ ಹಾಗೆ) ಏಳನೇ ಪಂದ್ಯದಲ್ಲಿ ಮೊದಲ ಚೆಂಡು ಎಸೆದು ಶುರು ಮಾಡಿದ್ದು ಅವನೇ, ತಂಡ ಹೋಗಿದ್ದು ವರ್ಲ್ಡ್ ಸೀರೀಸ್‌ಗೆ.

ಗಮನಿಸಿ, ಎರಡೂ ಕಡೆ ಹಿಂದೆ ಒಬ್ಬ ಹುಡುಗ ಕಾಯುತ್ತಾ ನಿಂತಿದ್ದ. ಹಾಗಾಗಿ ಯಾರಾದರೂ ‘ಬಿಡೋಣ’ ಅಂದಾಗಲೆಲ್ಲ ನಾನು ಮೊದಲು ಕೇಳುತ್ತಿದ್ದದ್ದು, ‘ಸರಿ, ಅಲ್ಲಿಗೆ ಯಾರು?’ ಉತ್ತರ ಬರದಿದ್ದರೆ ಅದು ಬರೀ ಸಿಟ್ಟು.

ಈಗ ಬ್ರಯಂಟ್ ವಿಷಯಕ್ಕೆ ಬರೋಣ. ಅವರ ಹಳೇ ತಂಡ ಶಿಕಾಗೋ ಕಬ್ಸ್‌ನಲ್ಲೇ ಇದಕ್ಕೆ ಒಳ್ಳೆ ಹೋಲಿಕೆ ಇದೆ. 2016ರ ವರ್ಲ್ಡ್ ಸೀರೀಸ್, ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೇ ಪಂದ್ಯ, ಮಧ್ಯರಾತ್ರಿ ದಾಟಿದೆ. ನಿಧಾನವಾಗಿ ಉರುಳಿ ಬಂದ ಚೆಂಡನ್ನು ಬ್ರಯಂಟ್ ಎತ್ತಿಕೊಂಡು ಮೊದಲ ಬೇಸ್‌ಗೆ ಎಸೆಯುತ್ತಾರೆ. ಒದ್ದೆ ಹುಲ್ಲಲ್ಲಿ ಕಾಲು ಜಾರುತ್ತಿದೆ, ಆದರೂ ಮುಖದ ತುಂಬಾ ನಗು. 108 ವರ್ಷದ ಬರ ಅಲ್ಲಿಗೆ ಮುಗಿಯಿತು. ಅದೇ ಪಂದ್ಯದಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದವರು ಹಾವಿಯೆರ್ ಬಾಯೆಜ್. ಮಳೆ ಬಂದು ಆಟ ನಿಂತಾಗ ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿ ಧೈರ್ಯ ತುಂಬಿದವರು ಜೇಸನ್ ಹೇವರ್ಡ್. ಮುಂದೆ ಈ ಮೂವರ ಕಾಂಟ್ರಾಕ್ಟ್‌ಗಳೂ ಬಿಸಿ ತುಪ್ಪವಾದವು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹೇವರ್ಡ್‌ಗೆ ಕಬ್ಸ್ ಕೊಟ್ಟಿದ್ದು 8 ವರ್ಷಕ್ಕೆ 18.4 ಕೋಟಿ ಡಾಲರ್. ಫೀಲ್ಡಿಂಗ್ ಅದ್ಭುತ, ಬ್ಯಾಟಿಂಗ್ ಬರಲೇ ಇಲ್ಲ. 2022ರ ಕೊನೆಗೆ, ಇನ್ನೊಂದು ವರ್ಷದ 2.2 ಕೋಟಿ ಬಾಕಿ ಇರುವಾಗ ಬಿಟ್ಟರು. ಲಾಸ್ ಏಂಜಲೀಸ್ ಡಾಜರ್ಸ್ ಅವರನ್ನು ಕನಿಷ್ಠ ಸಂಬಳಕ್ಕೆ ಕರೆದುಕೊಂಡಿತು, 2023ರಲ್ಲಿ 15 ಹೋಮ್ ರನ್ ಹೊಡೆದರು. ಶಿಕಾಗೋದವರು ಹೊಟ್ಟೆ ಉರಿದುಕೊಳ್ಳಬೇಕಿತ್ತು, ಅಲ್ವಾ? ತಮಾಷೆ ಏನೆಂದರೆ ಅದೇ ಚಳಿಗಾಲದಲ್ಲಿ ಡಾಜರ್ಸ್ ಬೇಡ ಅಂತ ಬಿಟ್ಟ ಕೋಡಿ ಬೆಲಿಂಜರ್‌ನನ್ನು ಕಬ್ಸ್ ತಂದುಕೊಂಡಿತ್ತು. ಅವನು 26 ಹೋಮ್ ರನ್ ಹೊಡೆದ! ಇವರು ಬಿಟ್ಟವನು ಅಲ್ಲಿ ಚಿಗುರಿದ, ಅವರು ಬಿಟ್ಟವನು ಇಲ್ಲಿ ಚಿಗುರಿದ. ‘ನಾವು ಬಿಟ್ಟ ಮೇಲೆ ಬೇರೆ ಕಡೆ ಮಿಂಚಿದರೆ ಮುಖ ಎಲ್ಲಿಡೋದು’ ಅನ್ನುವ ಭಯ ಮ್ಯಾನೇಜ್‌ಮೆಂಟ್‌ನಲ್ಲಿ ಜೋರಾಗಿ ಇರುತ್ತದೆ. ಬೇರೆ ಕಡೆ ಕೋಚ್ ಬೇರೆ, ಪಾತ್ರ ಸಣ್ಣದು, ತಲೆ ಮೇಲೆ ಹಳೇ ಕಾಂಟ್ರಾಕ್ಟ್‌ನ ಭಾರ ಇಲ್ಲ. ಅಲ್ಲಿ ಆಡಿದವನು ಇಲ್ಲೇ ಇದ್ದಿದ್ದರೂ ಆಡುತ್ತಿದ್ದ ಅನ್ನುವುದಕ್ಕೆ ಆಧಾರ ಇಲ್ಲ. ನನ್ನ ಮಟ್ಟಿಗೆ ಅದು ಬಿಡದಿರುವುದಕ್ಕೆ ಕಾರಣವೇ ಅಲ್ಲ.

ಬಾಯೆಜ್ ಕತೆ ಬೇರೆ. ಡೆಟ್ರಾಯಿಟ್ ಟೈಗರ್ಸ್ ಅವರಿಗೆ 6 ವರ್ಷಕ್ಕೆ 14 ಕೋಟಿ ಡಾಲರ್ ಕೊಟ್ಟಿತು. 2024ರಲ್ಲಿ ಬ್ಯಾಟಿಂಗ್ ಸರಾಸರಿ .184. ಬೇಸ್‌ಬಾಲ್ ಹೊಸದಾಗಿ ನೋಡುವವರಿಗೆ ಹೇಳುವುದಾದರೆ .250 ಅಂದರೆ ಸಾಧಾರಣ, .200 ಕೆಳಗೆ ಹೋದರೆ ಕೆಲಸಕ್ಕೇ ಸಂಚಕಾರ. ಆಗಲೂ ಬಾಕಿ ಇದ್ದದ್ದು ಮೂರು ವರ್ಷ, ಈಗ ಬ್ರಯಂಟ್‌ಗೆ ಇರುವಷ್ಟೇ. ಬಿಡಿ ಬಿಡಿ ಅಂತ ಅಭಿಮಾನಿಗಳು ಕೂಗುತ್ತಿದ್ದರು. ಟೈಗರ್ಸ್ ಬಿಡಲಿಲ್ಲ. ಸೊಂಟಕ್ಕೆ ಶಸ್ತ್ರಚಿಕಿತ್ಸೆ ಆಯಿತು, ಶಾರ್ಟ್‌ಸ್ಟಾಪ್ ಆಗಿ ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುತ್ತಿದ್ದವರನ್ನು ದೂರದ ಸೆಂಟರ್ ಫೀಲ್ಡ್‌ಗೆ ಕಳಿಸಿದರು, 2025ರಲ್ಲಿ ಅದೇ ಮನುಷ್ಯ ಆಲ್‌ಸ್ಟಾರ್ ಪಂದ್ಯದಲ್ಲಿ ಆರಂಭದ ಹನ್ನೊಂದರಲ್ಲಿ, ಕ್ಷಮಿಸಿ, ಕ್ರಿಕೆಟ್ ಬಾಯಿ, ಆರಂಭದ ಒಂಬತ್ತರಲ್ಲಿ ಇದ್ದರು.

ಹೇವರ್ಡ್‌ನ ಬಿಟ್ಟದ್ದು ಸರಿ, ಬಾಯೆಜ್‌ನ ಉಳಿಸಿಕೊಂಡದ್ದೂ ಸರಿ ಅನ್ನುತ್ತೇನೆ. ಇವೆರಡರ ನಡುವೆ ಬ್ರಯಂಟ್ ಯಾವ ಕಡೆ ಅನ್ನುವುದು ಕಾರಣದ ಮೇಲೆ ಹೋಗುತ್ತದೆ. ಆಟಗಾರ ಸರಿಯಾಗಿ ಆಡದಿರುವುದಕ್ಕೆ ಒರಟಾಗಿ ಮೂರು ಕಾರಣ. ಒಂದು ಬರೀ ನಸೀಬು. ಚೆಂಡು ಗಟ್ಟಿಯಾಗಿ ತಾಗುತ್ತಿದೆ, ಆದರೆ ನೇರ ಫೀಲ್ಡರ್ ಕೈಗೇ ಹೋಗುತ್ತಿದೆ. ಇದಕ್ಕೆ ಕಾಯಬೇಕು. ಎರಡನೆಯದು ವಯಸ್ಸು. ಬ್ಯಾಟ್ ಬೀಸುವ ವೇಗ ಇಳಿದಿರುತ್ತದೆ, ವೇಗದ ಚೆಂಡಿಗೆ ತಡವಾಗುತ್ತದೆ, ಆ ತಡ ತಪ್ಪಿಸಲು ಮೊದಲೇ ಬೀಸಲು ಹೋಗಿ ತಿರುಗುವ ಚೆಂಡಿಗೆ ಸಿಕ್ಕಿಬೀಳುತ್ತಾರೆ. ಬ್ಯಾಟಿನ ವೇಗ, ಚೆಂಡು ಬ್ಯಾಟ್‌ಗೆ ತಾಗಿ ಹೊರಡುವ ವೇಗ ಎಲ್ಲವನ್ನೂ ಈಗ ಕ್ಯಾಮೆರಾಗಳು ಅಳೆಯುತ್ತವೆ, ಯಾರು ಬೇಕಾದರೂ ನೋಡಬಹುದು. ಹೂಸ್ಟನ್‌ನ ಹೋಸೆ ಅಬ್ರೇಯು ಇದಕ್ಕೆ ಸ್ಪಷ್ಟ ಉದಾಹರಣೆ. 37 ವರ್ಷ, 3 ವರ್ಷಕ್ಕೆ 5.85 ಕೋಟಿ ಡಾಲರ್‌ನ ಕಾಂಟ್ರಾಕ್ಟ್‌ನಲ್ಲಿ ಅರ್ಧ ದಾರಿ. ಅಷ್ಟು ಹಿರಿಯ ಆಟಗಾರನನ್ನು ಅವರ ಒಪ್ಪಿಗೆ ಇಲ್ಲದೆ ಕೆಳಗಿನ ಲೀಗ್‌ಗೆ ಕಳಿಸುವಂತಿಲ್ಲ. ಪಾಪ, ಅವರೇ ಒಪ್ಪಿ ಫ್ಲಾರಿಡಾಕ್ಕೆ ಹೋಗಿ ಹುಡುಗರ ಜೊತೆ ಅಭ್ಯಾಸ ಮಾಡಿ ಬಂದರು. ಬಂದ ಮೇಲೂ ಸರಿಹೋಗಲಿಲ್ಲ. .124 ಸರಾಸರಿಯಲ್ಲಿ 2024ರ ಜೂನ್‌ನಲ್ಲಿ ಬಿಡುಗಡೆ. ನಾನು ನೋಡಿದ ಬಿಡುಗಡೆಗಳಲ್ಲಿ ಇದು ತುಂಬಾ ಮರ್ಯಾದೆಯಿಂದ ನಡೆದದ್ದು.

ಮೂರನೆಯದು ಗಾಯ. ಬ್ರಯಂಟ್‌ರದ್ದು ಇದು. 2022ರಲ್ಲಿ ಬೆನ್ನು, ಆಮೇಲೆ ಪಾದ. 2023ರಲ್ಲಿ ಹಿಮ್ಮಡಿ, ಬೆರಳು ಮುರಿತ. 2024ರಲ್ಲಿ ಮತ್ತೆ ಬೆನ್ನು, ಪಕ್ಕೆಲುಬು. 2025ರ ಏಪ್ರಿಲ್‌ಗೆ ನಿಂತೇಹೋಯಿತು: ಬೆನ್ನುಮೂಳೆಯ ಕೆಳಭಾಗದಲ್ಲಿ ಡಿಸ್ಕ್ ಸವೆತ. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ನಿಮಗೇ ಗೊತ್ತಿರುತ್ತದೆ, ನೀರಿನ ಬಿಂದಿಗೆ ಎತ್ತುವುದೂ ಕಷ್ಟ. ಬ್ಯಾಟ್ ಬೀಸುವ ಶಕ್ತಿ ಬರುವುದು ತೋಳಿನಿಂದ ಅಂದುಕೊಳ್ಳುತ್ತೇವೆ, ನಿಜವಾಗಿ ಬರುವುದು ಸೊಂಟ ತಿರುಚುವುದರಿಂದ. ಪಂದ್ಯ, ಅಭ್ಯಾಸ ಸೇರಿ ದಿನಕ್ಕೆ ನೂರಾರು ಸಲ ಅದೇ ಜಾಗವನ್ನು ತಿರುಚಬೇಕು. ಇದು ನಾಟಕ ಅನ್ನುವ ಮಾತು ದಯವಿಟ್ಟು ಬಿಡಿ.

ನಿವೃತ್ತಿ ಯಾಕೆ ತಗೋಬಾರದು ಅಂದಿರಿ. ತಾನಾಗಿ ನಿವೃತ್ತಿ ಅಂದ ದಿನ ಉಳಿದ ಸಂಬಳ ಬಿಟ್ಟುಕೊಟ್ಟ ಹಾಗೆ. 2011ರಲ್ಲಿ ಕಾನ್ಸಾಸ್ ಸಿಟಿಯ ಗಿಲ್ ಮೆಶ್ ಅನ್ನುವ ಪಿಚರ್ (ಚೆಂಡು ಎಸೆಯುವವನು) ಭುಜ ಕೆಟ್ಟಿದೆ ಅಂತ 1.2 ಕೋಟಿ ಡಾಲರ್ ಬಿಟ್ಟು ಮನೆಗೆ ಹೋದರು. ಹದಿನೈದು ವರ್ಷ ಆಗುತ್ತಾ ಬಂತು, ಇನ್ನೂ ಜನ ಅವರ ಹೆಸರೇ ಹೇಳುತ್ತಾರೆ ಅಂದರೆ ಅಂಥವರು ಎಷ್ಟು ಅಪರೂಪ ನೋಡಿ. ಟೆಕ್ಸಸ್‌ನ ಪ್ರಿನ್ಸ್ ಫೀಲ್ಡರ್‌ಗೆ ಕತ್ತಿನ ಎರಡನೇ ಶಸ್ತ್ರಚಿಕಿತ್ಸೆ ಆದ ಮೇಲೆ ಆಡಲೇಬಾರದು ಅಂತ ಡಾಕ್ಟರು ಹೇಳಿದರು. 2016ರ ಆಗಸ್ಟ್‌ನಲ್ಲಿ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಪತ್ರಕರ್ತರ ಮುಂದೆ ಕೂತು ಅತ್ತರು. 319 ಹೋಮ್ ರನ್‌ಗೆ ಆಟ ಮುಗಿಯಿತು, ಅವರ ಅಪ್ಪ ಸಿಸಿಲ್ ಹೊಡೆದದ್ದೂ ಸರಿಯಾಗಿ 319! ಆದರೂ ಕಾಗದದ ಮೇಲೆ ಅವರು ನಿವೃತ್ತರಾಗಲಿಲ್ಲ, ಗಾಯಾಳು ಪಟ್ಟಿಯಲ್ಲೇ ಉಳಿದರು. ಬೆವರು ಸುರಿಸಿ ಗಳಿಸಿದ ಕಾಂಟ್ರಾಕ್ಟ್ ಅದು. ನೀವು ನಾನು ನಮ್ಮ ಗ್ರಾಚ್ಯುಟಿ ಬಿಟ್ಟುಕೊಡುತ್ತೇವಾ?

ಮಾರಾಟದ ಮಾತು ಬೇಗ ಮುಗಿಸುತ್ತೇನೆ. ಬ್ರಯಂಟ್ ಕಾಂಟ್ರಾಕ್ಟ್‌ನಲ್ಲಿ ಅವರ ಒಪ್ಪಿಗೆ ಇಲ್ಲದೆ ಎಲ್ಲಿಗೂ ಟ್ರೇಡ್ ಮಾಡುವಂತಿಲ್ಲ ಅನ್ನುವ ಷರತ್ತಿದೆ. ಒಪ್ಪಿದರೂ ಬೆನ್ನು ಸವೆದ ಆಟಗಾರನನ್ನು ಕೊಳ್ಳುವವರು ಇಲ್ಲ. ಕೊಂಡರೂ ಸಂಬಳದ ಮುಕ್ಕಾಲು ಪಾಲು ನೀವೇ ಕಟ್ಟಿ ಅನ್ನುತ್ತಾರೆ. ರಾಕೀಸ್‌ಗೆ ಈ ಅನುಭವ ಹೊಸದಲ್ಲ. 2021ರಲ್ಲಿ ನೋಲನ್ ಅರೆನಾಡೊನನ್ನು ಸೇಂಟ್ ಲೂಯಿಸ್‌ಗೆ ಕಳಿಸುವಾಗ ಜೊತೆಗೆ ಸುಮಾರು 5 ಕೋಟಿ ಡಾಲರ್ ಕೊಟ್ಟು ಕಳಿಸಿದರು. ಚೆನ್ನಾಗಿ ಆಡುವವನನ್ನು ದುಡ್ಡು ಕೊಟ್ಟು ಸಾಗಹಾಕಿ, ಮರುವರ್ಷ ಬ್ರಯಂಟ್‌ಗೆ 18.2 ಕೋಟಿ ಕೊಟ್ಟ ತಂಡ ಇದು. ಡೆನ್ವರ್ ಜನರ ಸಿಟ್ಟಿನ ಬೇರು ಅಲ್ಲಿದೆ ಅನ್ನುವುದು ನನ್ನ ಗುಮಾನಿ.

ಹಾಗಾದರೆ ಈಗ ಬಿಡಬೇಕಾ? ಆಡಲಾಗದೆ ಗಾಯಾಳು ಪಟ್ಟಿಯಲ್ಲಿ ಇರುವವರೆಗೂ ನಾನಂತೂ ಬಿಡುವುದಿಲ್ಲ. 60 ದಿನದ ಗಾಯಾಳು ಪಟ್ಟಿಗೆ ಹೋದ ಆಟಗಾರ 26ರಲ್ಲೂ ಇಲ್ಲ, 40ರಲ್ಲೂ ಇಲ್ಲ. ಕುರ್ಚಿ ಖಾಲಿಯೇ ಇದೆ. ಬಿಟ್ಟು ಗಿಟ್ಟುವುದೇನು? ಒಂದೇ ತೊಡಕು ಚಳಿಗಾಲದ್ದು. ವರ್ಲ್ಡ್ ಸೀರೀಸ್ ಮುಗಿದ ಐದು ದಿನಕ್ಕೆ ಗಾಯಾಳು ಪಟ್ಟಿ ರದ್ದಾಗುತ್ತದೆ, ಎಲ್ಲರೂ 40ರ ಒಳಗೆ ಬರಬೇಕು. ಅಂದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಬ್ರಯಂಟ್ ಒಂದು ಜಾಗ ತಿನ್ನುತ್ತಾರೆ. ಅದೇ ಹೊತ್ತಿಗೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್ ಇರುತ್ತದೆ, 40ರಲ್ಲಿ ಇಲ್ಲದ ಕೆಲವು ಹುಡುಗರನ್ನು ಬೇರೆ ತಂಡ ಎತ್ತಿಕೊಂಡು ಹೋಗಬಹುದು. 119 ಪಂದ್ಯ ಸೋತ ತಂಡದಲ್ಲಿ ಆ ನಲವತ್ತನೆಯ ಜಾಗಕ್ಕೆ ನೂಕುನುಗ್ಗಲು ಇದೆ ಅಂತ ನನಗೆ ಅನ್ನಿಸುವುದಿಲ್ಲ. ಇದ್ದರೆ ನನ್ನ ಉತ್ತರ ಬದಲಾಗುತ್ತದೆ.

ನಿಜವಾದ ತೀರ್ಮಾನ ಮಾಡಬೇಕಾಗಿರುವುದು ಡಾಕ್ಟರು ‘ಆಡಬಹುದು’ ಅಂದ ದಿನ. ಅಲ್ಲಿ ರಾಕೀಸ್ ಜಾರಿ ಬೀಳುವ ಅಪಾಯ ಜಾಸ್ತಿ. ಬಾಲ್ಟಿಮೋರ್ ಓರಿಯೋಲ್ಸ್ ಬಿದ್ದದ್ದು ಅಲ್ಲೇ. ಕ್ರಿಸ್ ಡೇವಿಸ್‌ಗೆ 7 ವರ್ಷಕ್ಕೆ 16.1 ಕೋಟಿ ಡಾಲರ್. 2018ರಲ್ಲಿ .168 ಹೊಡೆದರು, ಒಂದು ಸೀಸನ್‌ನಲ್ಲಿ ಅಷ್ಟು ಸಲ ಬ್ಯಾಟ್ ಮಾಡಿದವರಲ್ಲಿ ಇತಿಹಾಸದಲ್ಲೇ ಕಡಿಮೆ. ಆದರೂ ಆ ವರ್ಷ 500ಕ್ಕೂ ಹೆಚ್ಚು ಸಲ ಬ್ಯಾಟ್ ಹಿಡಿದು ನಿಲ್ಲಿಸಿದರು. 2019ರ ಏಪ್ರಿಲ್‌ಗೆ ಬರುವಷ್ಟರಲ್ಲಿ ಸತತ 54 ಸಲ ಒಂದು ಹಿಟ್ ಇಲ್ಲ. ಬಾಸ್ಟನ್‌ನಲ್ಲಿ ಕೊನೆಗೂ ಒಂದು ಸಿಕ್ಕಾಗ ಆ ಚೆಂಡನ್ನು ನೆನಪಿಗೆ ಕೊಡಿ ಅಂತ ನಗುತ್ತಾ ಕೈ ಮಾಡಿದರು. ನೋಡಿದವರಿಗೆ ಕರುಳು ಚುರ್ ಅಂದಿತ್ತು. ಹೇಗೂ ಸೋಲುತ್ತಿದ್ದೇವೆ, ಇವರು ಆಡಿದರೆ ಏನಾಯಿತು ಅನ್ನುವುದು ಆಗಿನ ವಾದ. ನಾನು ಒಪ್ಪುವುದಿಲ್ಲ. ಸೋಲುವ ತಂಡಕ್ಕೇ ಆ 500 ಅವಕಾಶ ಬೇಕು, ಹುಡುಗರನ್ನು ಪರೀಕ್ಷೆ ಮಾಡುವುದಕ್ಕೆ.

ರಾಕೀಸ್‌ನಲ್ಲೂ ಹುಡುಗ ಇದ್ದಾನೆ. 2024ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ದಿನ) ಮೂರನೆಯವನಾಗಿ ಆರಿಸಿದ ಚಾರ್ಲಿ ಕಾಂಡನ್ ಮೊದಲ ಬೇಸ್ ಆಡುತ್ತಾನೆ, ಬ್ರಯಂಟ್ ವಾಪಸ್ ಬಂದರೆ ಅವರಿಗೂ ಅಲ್ಲೇ ಅಥವಾ ಬರೀ ಬ್ಯಾಟ್ ಮಾಡುವ ಜಾಗದಲ್ಲಿ ಕೆಲಸ. ಬ್ರಯಂಟ್ ಗುಣವಾಗಿ ಬಂದರೆ ಆರು ವಾರ ಕೊಡಿ. ಸ್ಕೋರು ನೋಡಬೇಡಿ, ಬ್ಯಾಟಿನ ವೇಗ ನೋಡಿ, ಸತತ ಎರಡು ದಿನ ಆಡಿದ ಮೇಲೆ ಮೂರನೇ ದಿನ ಹೇಗೆ ಏಳುತ್ತಾರೆ ನೋಡಿ. ಎರಡೂ ಸರಿ ಇದ್ದರೆ ಬಾಯೆಜ್ ದಾರಿ. ಇಲ್ಲದಿದ್ದರೆ, ಕಾಂಡನ್ ಸಿದ್ಧನಿದ್ದರೆ, ಮಾರನೇ ದಿನವೇ ಹೇವರ್ಡ್ ದಾರಿ. 2025ರ ನವೆಂಬರ್‌ನಲ್ಲಿ ಬಂದ ಹೊಸ ಮುಖ್ಯಸ್ಥ ಪಾಲ್ ಡಿಪೊಡೆಸ್ಟಾಗೆ ಒಂದು ಅನುಕೂಲ ಇದೆ: ಈ ಕಾಂಟ್ರಾಕ್ಟ್ ಮಾಡಿದ್ದು ಅವರಲ್ಲ. ಸಹಿ ಹಾಕಿದವರಿಗೆ ತಮ್ಮ ತಪ್ಪನ್ನು ತಾವೇ ಕಸಕ್ಕೆ ಹಾಕುವುದು ಬಹಳ ಕಷ್ಟ.

ಮಧ್ಯದ ದಾರಿಯೂ ಒಂದಿದೆ, ಕೂತು ಮಾತಾಡಿ ಸಂಬಳವನ್ನು ಕಂತು ಮಾಡಿಕೊಳ್ಳುವುದು. ಡೇವಿಸ್ 2021ರಲ್ಲಿ ನಿವೃತ್ತರಾದರೂ ಅವರಿಗೆ ದುಡ್ಡು 2037ರವರೆಗೆ ಹೋಗುತ್ತದೆ. ಆದರೆ ಬಡ್ಡಿ ನೋಡಿಕೊಳ್ಳಬೇಕು. ನ್ಯೂಯಾರ್ಕ್ ಮೆಟ್ಸ್ 2000ದಲ್ಲಿ ಬಾಬಿ ಬೊನಿಯಾಗೆ ಕೊಡಬೇಕಿದ್ದ 59 ಲಕ್ಷವನ್ನು ಶೇಕಡ 8ರ ಬಡ್ಡಿಯಲ್ಲಿ ಮುಂದೂಡಿ, 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11.9 ಲಕ್ಷ ಕೊಡುತ್ತಾ ಊರೆಲ್ಲ ನಗುವ ಹಾಗೆ ಮಾಡಿಕೊಂಡಿತು.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ. ಬಿಡುವುದು ಅಂದರೆ ಏನು ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನಾನಿದ್ದ ಮೈನರ್ ಲೀಗ್ ತಂಡದಲ್ಲಿ ಒಂದು ಬೆಳಿಗ್ಗೆ ಮ್ಯಾನೇಜರ್ ಒಬ್ಬ ಆಟಗಾರನನ್ನು ಒಳಗೆ ಕರೆದರು. ಐದು ನಿಮಿಷ. ಅವನು ಹೊರಗೆ ಬರುವಷ್ಟರಲ್ಲಿ ಲಾಕರ್ ಮೇಲೆ ಹೆಸರು ಬರೆದು ಅಂಟಿಸಿದ್ದ ಬಿಳಿ ಟೇಪನ್ನು ಕ್ಲಬ್‌ಹೌಸ್ ಹುಡುಗ ಕಿತ್ತು ಉಂಡೆ ಮಾಡಿ ಕೈಯಲ್ಲಿ ಹಿಡಿದುಕೊಂಡಿದ್ದ, ಎಲ್ಲಿ ಎಸೆಯೋದು ಅಂತ ಗೊತ್ತಾಗದೆ. ಉಳಿದ ಇಪ್ಪತ್ತೈದು ಜನ ಶೂ ಲೇಸ್ ಕಟ್ಟುತ್ತಾ ತಲೆ ಎತ್ತಲಿಲ್ಲ. ಅದಕ್ಕೇ ಬಿಡುವುದಾದರೆ ಬೇಗ, ಮುಖ ಕೊಟ್ಟು ಮಾತಾಡಿ ಬಿಡಬೇಕು. ಹೂಸ್ಟನ್ ಅಬ್ರೇಯುಗೆ ಕೊಟ್ಟ ಹಾಗೆ ಕೊನೆಯ ಒಂದು ಅವಕಾಶ ಕೊಟ್ಟು.

ಮಗನಿಗೆ ಹೊಸ ಜೆರ್ಸಿ ಕೊಡಿಸುವುದಾದರೆ ಈ ಸಲ ಟಾಡ್ ಹೆಲ್ಟನ್‌ರ 17 ಕೊಡಿಸಿ. ಬ್ರಯಂಟ್ ಶಿಕಾಗೋದಲ್ಲಿ ಹಾಕುತ್ತಿದ್ದದ್ದೂ 17, ಡೆನ್ವರ್‌ಗೆ ಬಂದಾಗ ಸಿಗಲಿಲ್ಲ, ಯಾಕೆಂದರೆ ರಾಕೀಸ್ ಆ ನಂಬರನ್ನು ಹೆಲ್ಟನ್ ಹೆಸರಿಗೆ ಎತ್ತಿಟ್ಟುಬಿಟ್ಟಿದೆ. ಹದಿನೇಳು ಸೀಸನ್ ಒಂದೇ ತಂಡಕ್ಕೆ ಆಡಿದ ಮನುಷ್ಯ, ಅವರನ್ನು ಇನ್ನು ಯಾರೂ ಬಿಟ್ಟು ಕಳಿಸುವಂತಿಲ್ಲ. ಒಂದು ಸೈಜ್ ದೊಡ್ಡದೇ ತಗೊಳ್ಳಿ.